ಯುರೋಪಿನ ಹೊಲಗಳು ಮತ್ತು ನಾಳಿನ ಹವೆಯ ಲೆಕ್ಕ



ಹವಾಮಾನ ಬದಲಾವಣೆಯಿಂದ ಯುರೋಪಿನ ಬೇಸಾಯಕ್ಕೆ ಏನಾಗಬಹುದು ಎಂಬುದನ್ನು ವಿಜ್ಞಾನಿಗಳು ಹೇಗೆ ಲೆಕ್ಕಹಾಕುತ್ತಾರೆ ಎಂಬುದು ಇಂದಿನ ಉಪನ್ಯಾಸದ ವಿಷಯ. ಯುರೋಪನ್ನೇ ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಎಲ್ಲ ಖಂಡಗಳಿಗಿಂತ ಅದು ಬೇಗ ಬಿಸಿಯಾಗುತ್ತಿದೆ. 1980ರ ದಶಕದಿಂದೀಚೆಗೆ ಅಲ್ಲಿನ ತಾಪಮಾನ ಜಾಗತಿಕ ಸರಾಸರಿಯ ಎರಡರಷ್ಟು ವೇಗದಲ್ಲಿ ಏರಿದೆ ಎಂದು ವಿಶ್ವ ಹವಾಮಾನ ಸಂಸ್ಥೆ ದಾಖಲಿಸಿದೆ. ಇನ್ನೊಂದು, ಬೆಳೆ ಮತ್ತು ಹವೆಯ ನಂಟಿನ ಬಗ್ಗೆ ಶತಮಾನಗಳಷ್ಟು ಹಳೆಯ ದಾಖಲೆಗಳು ಅಲ್ಲಿ ಉಳಿದಿವೆ. ಲೆಕ್ಕ ಮಾಡುವವರಿಗೆ ಇದಕ್ಕಿಂತ ದೊಡ್ಡ ಆಸ್ತಿ ಬೇರೊಂದಿಲ್ಲ.

ಉಪನ್ಯಾಸದಲ್ಲಿ ನಾಲ್ಕು ಭಾಗಗಳಿವೆ. ಬೆಳೆ ಮಾದರಿ ಕೆಲಸ ಮಾಡುವ ಬಗೆ ಮೊದಲನೆಯದು. ಯುರೋಪಿನ ಬಗ್ಗೆ ಆ ಮಾದರಿಗಳು ಏನು ಹೇಳುತ್ತಿವೆ ಎಂಬುದು ಎರಡನೆಯದು. ಅವು ಎಲ್ಲಿ ಸೋತವು, ಸೋಲಿನಿಂದ ಏನು ತಿಳಿಯಿತು ಎಂಬುದು ಮೂರನೆಯದು. ಆ ಲೆಕ್ಕ ಹೊಲಕ್ಕೆ, ಮಾರುಕಟ್ಟೆಗೆ, ಸರ್ಕಾರಕ್ಕೆ ತಲುಪುವ ಪರಿ ಕೊನೆಯದು. ನಾಲ್ಕು ಭಾಗಗಳಲ್ಲೂ ಹರಿಯುವ ವಾದ ಒಂದೇ: ಮಾದರಿ ಕೊಡುವ ಸರಾಸರಿ ಅಂಕಿಯನ್ನಷ್ಟೇ ಓದಿದರೆ ಸಾಲದು, ಆ ಅಂಕಿಯ ಸುತ್ತಲಿನ ಏರಿಳಿತ ಎಷ್ಟು, ಲೆಕ್ಕಕ್ಕೆ ಸಿಗದೆ ಉಳಿದ ಅಪಾಯ ಯಾವುದು, ಅದು ಯಾರ ಹೊಲದ ಮೇಲೆ ಬೀಳುತ್ತದೆ ಎಂಬುದನ್ನೂ ಓದಬೇಕು.

ಮೊದಲ ಭಾಗ. ಗಿಡವೊಂದರ ಬದುಕನ್ನು ಬಿತ್ತನೆಯಿಂದ ಕೊಯ್ಲಿನವರೆಗೆ ದಿನದಿನವೂ ಅಂಕಿಗಳಲ್ಲಿ ಹಿಂಬಾಲಿಸುವ ಸಮೀಕರಣಗಳ ಸರಣಿಯೇ ಬೆಳೆ ಮಾದರಿ. ಅದರ ಬೇರು ಬಹಳ ಹಳೆಯದು. 1735ರಲ್ಲಿ ಫ್ರಾನ್ಸಿನ ವಿಜ್ಞಾನಿ ರೆಯೊಮ್ಯೂರ್, ದಿನದಿನದ ಬಿಸಿಯನ್ನು ಕೂಡುತ್ತ ಹೋದರೆ ಬೆಳೆ ಮಾಗುವ ಕಾಲ ತಿಳಿಯುತ್ತದೆ ಎಂಬ ವಿಚಾರ ಮುಂದಿಟ್ಟ. ಗಿಡ ಪಂಚಾಂಗ ನೋಡಿ ಹೂಬಿಡುವುದಿಲ್ಲ, ತನಗೆ ಬೇಕಾದಷ್ಟು ಶಾಖ ಕೂಡಿದಾಗ ಬಿಡುತ್ತದೆ. ಇಂದಿನ ಮಾದರಿಗಳೆಲ್ಲ ಈ ‘ತಾಪದಿನ’ಗಳ ಲೆಕ್ಕದಿಂದಲೇ ಶುರುವಾಗುತ್ತವೆ.

ಎರಡನೆಯ ಲೆಕ್ಕ ನೀರಿನದು. 1948ರಲ್ಲಿ ಇಂಗ್ಲೆಂಡಿನ ರೊಥ್ಯಾಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಹವರ್ಡ್ ಪೆನ್‌ಮನ್ ಬಿಸಿಲು, ಗಾಳಿ, ತೇವಾಂಶಗಳಿಂದ ನೆಲದ ನೀರು ಎಷ್ಟು ಆವಿಯಾಗುತ್ತದೆ ಎಂದು ತಿಳಿಯುವ ಸೂತ್ರ ಕೊಟ್ಟರು. 1965ರಲ್ಲಿ ಜಾನ್ ಮೊಂಟೀತ್ ಅದಕ್ಕೆ ಎಲೆಯ ಪತ್ರರಂಧ್ರಗಳ ವರ್ತನೆಯನ್ನು ಸೇರಿಸಿದರು. ಈ ಮೊಂಟೀತ್ ಮುಂದೆ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯಲ್ಲೂ ಕೆಲಸ ಮಾಡಿದವರು. ಕರ್ನಾಟಕದ ಅಚ್ಚುಕಟ್ಟು ಪ್ರದೇಶಗಳಲ್ಲಿ ಬೆಳೆಯ ನೀರಿನ ಬೇಡಿಕೆ ಅಳೆಯಲು ಬಳಕೆಯಲ್ಲಿರುವುದೂ ಪೆನ್‌ಮನ್-ಮೊಂಟೀತ್ ಸೂತ್ರವೇ. ಅಂಗಡಿಯ ರೋಕಡಿ ಪುಸ್ತಕದಂತೆ ಮಾದರಿಯು ಮಣ್ಣಿನ ನೀರಿಗೆ ದಿನವೂ ಜಮಾ-ಖರ್ಚು ಬರೆಯುತ್ತದೆ: ಮಳೆ ಬಂದದ್ದು ಜಮಾ, ಎಲೆಯಿಂದ ಹೋದದ್ದು, ಹರಿದುಹೋದದ್ದು, ಇಂಗಿದ್ದು ಖರ್ಚು.

ಮೂರನೆಯದು ಬೆಳಕು. ಬೆಳೆ ಹಿಡಿದ ಬಿಸಿಲಿಗೂ ಅದು ಕಟ್ಟುವ ಒಣ ತೂಕಕ್ಕೂ ನೇರ ಅನುಪಾತವಿದೆ ಎಂದು ಮೊಂಟೀತ್ 1977ರಲ್ಲಿ ತೋರಿಸಿದರು. ಬ್ರಿಟನ್ನಿನ ಬೆಳೆಗಳಲ್ಲಿ ಅದು ಪ್ರತಿ ಮೆಗಾಜೂಲ್ ಬಿಸಿಲಿಗೆ ಸುಮಾರು 1.4 ಗ್ರಾಂ. ಅದಕ್ಕೂ ಮೊದಲೇ, 1965ರಲ್ಲಿ, ನೆದರ್‌ಲ್ಯಾಂಡ್ಸಿನ ವಾಹೆನಿಂಗೆನ್‌ನಲ್ಲಿ ಕೆಲಸ ಮಾಡುತ್ತಿದ್ದ ಕೊರ್ನೆಲಿಸ್ ದ ವಿಟ್ ಇಡೀ ಬೆಳೆಯ ಎಲೆಹೊದಿಕೆಯ ದ್ಯುತಿಸಂಶ್ಲೇಷಣೆಯನ್ನು ಗಣಿತಕ್ಕೆ ಒಗ್ಗಿಸಿದ್ದರು. ಅವರ ಪರಂಪರೆಯಲ್ಲಿ ಹುಟ್ಟಿದ ವೋಫೋಸ್ಟ್ ಮಾದರಿಯನ್ನು ಇಂದು ಇಟಲಿಯ ಇಸ್ಪ್ರಾದಲ್ಲಿರುವ ಯುರೋಪಿಯನ್ ಒಕ್ಕೂಟದ ಜಂಟಿ ಸಂಶೋಧನಾ ಕೇಂದ್ರ ಬಳಸುತ್ತಿದೆ. 1988ರಲ್ಲಿ ಅಲ್ಲಿ ಆರಂಭವಾದ ಮಾರ್ಸ್ ಯೋಜನೆ ಯುರೋಪನ್ನು ಚೌಕಗಳಾಗಿ ವಿಂಗಡಿಸಿ, ಯಾವ ಬೆಳೆ ಎಲ್ಲಿ ಎಷ್ಟು ಬರಬಹುದೆಂದು ಹಂಗಾಮಿನುದ್ದಕ್ಕೂ ವರದಿ ಕೊಡುತ್ತ ಬಂದಿದೆ. ಫ್ರಾನ್ಸಿನಲ್ಲಿ ನದೀನ್ ಬ್ರಿಸ್ಸೋನ್ ಮತ್ತು ಸಂಗಡಿಗರು 1996ರಿಂದ ಕಟ್ಟಿದ ಸ್ಟಿಕ್ಸ್ ಮಾದರಿ ಇಂಥದೇ ಇನ್ನೊಂದು.

ಈ ಮಾದರಿಗಳ ಪ್ರಯೋಜನ ಮುನ್ನೋಟಕ್ಕಷ್ಟೇ ಸೀಮಿತವಲ್ಲ. ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದಲ್ಲಿ ದ್ರಾಕ್ಷಿ ಕೊಯ್ಲು ಯಾವ ದಿನ ಶುರುವಾಯಿತು ಎಂಬುದನ್ನು ಊರಿನ ಆಡಳಿತ, ಚರ್ಚು ಮತ್ತಿತರ ಸಂಸ್ಥೆಗಳು ಶತಮಾನಗಳಿಂದ ಬರೆದಿಟ್ಟಿವೆ. 2004ರಲ್ಲಿ ಇಸಬೆಲ್ ಶ್ವಿನ್ ಮತ್ತು ಸಂಗಡಿಗರು ಪಿನೋ ನ್ವಾರ್ ದ್ರಾಕ್ಷಿಯ ತಾಪದಿನಗಳ ಮಾದರಿಯನ್ನು ಹಿಂದುಮುಂದಾಗಿ ಓಡಿಸಿದರು. ಕೊಯ್ಲಿನ ತಾರೀಖು ಗೊತ್ತಿದ್ದರೆ ಆ ವರ್ಷದ ಬೇಸಿಗೆಯ ಬಿಸಿ ಎಷ್ಟಿದ್ದಿರಬೇಕು ಎಂದು 1370ರಿಂದ 2003ರವರೆಗೆ ಲೆಕ್ಕ ಹಾಕಿದರು. ಆ ಸಾಲಿನಲ್ಲಿ 2003ರಷ್ಟು ಬಿಸಿಯ ಬೇಸಿಗೆ ಇನ್ನೊಂದಿರಲಿಲ್ಲ. ಅದೇ ಪ್ರಾಂತ್ಯದ ಬೋನ್ ಪಟ್ಟಣದ ದಾಖಲೆಗಳನ್ನು 1354ರಿಂದ 2018ರವರೆಗೆ ಜೋಡಿಸಿದ ಇನ್ನೊಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. 1987ರವರೆಗೆ ಕೊಯ್ಲು ಸರಾಸರಿ ಸೆಪ್ಟೆಂಬರ್ 28ಕ್ಕೆ ಶುರುವಾಗುತ್ತಿತ್ತು. 1988ರ ನಂತರ ಅದು ಸರಾಸರಿ 13 ದಿನ ಮುಂಚಿತವಾಗಿ ಬರುತ್ತಿದೆ.

ಇನ್ನು ಎರಡನೆಯ ಭಾಗ: ಮಾದರಿಗಳು ಏನು ಹೇಳುತ್ತಿವೆ?

ಮೊದಲು ಗೋಧಿ. ಫ್ರಾನ್ಸ್, ಜರ್ಮನಿ, ಇಂಗ್ಲೆಂಡುಗಳಲ್ಲಿ ಚಳಿಗಾಲದ ಗೋಧಿಯನ್ನು ಅಕ್ಟೋಬರ್ ಸುಮಾರಿಗೆ ಬಿತ್ತಿ ಜುಲೈ, ಆಗಸ್ಟಿನಲ್ಲಿ ಕೊಯ್ಯುತ್ತಾರೆ. ಬಿಸಿ ಹೆಚ್ಚಾದರೆ ತಾಪದಿನಗಳು ಬೇಗ ಕೂಡಿ ಬೆಳೆ ಅವಸರದಲ್ಲಿ ಮಾಗುತ್ತದೆ. ತೆನೆಯಲ್ಲಿ ಹಾಲು ತುಂಬುವ ದಿನಗಳು ಕಡಿಮೆಯಾಗಿ ಕಾಳು ಸಣ್ಣಗಾಗುತ್ತದೆ. ಹೂಬಿಡುವ ಹೊತ್ತಿಗೆ ಕಡು ಬಿಸಿ ಬಡಿದರೆ ಪರಾಗ ಸತ್ತು ತೆನೆ ಜೊಳ್ಳಾಗುತ್ತದೆ. 2015ರಲ್ಲಿ ಸೆಂಥೋಲ್ಡ್ ಆಸೆಂಗ್ ನೇತೃತ್ವದ ತಂಡ 30 ಗೋಧಿ ಮಾದರಿಗಳನ್ನು ಒಟ್ಟಿಗೆ ಓಡಿಸಿ, ತಾಪಮಾನ ಒಂದು ಡಿಗ್ರಿ ಏರಿದಂತೆಲ್ಲ ಜಗತ್ತಿನ ಗೋಧಿ ಉತ್ಪಾದನೆ ಸುಮಾರು ಶೇ. 6ರಷ್ಟು ಇಳಿಯುತ್ತದೆಂದು ಅಂದಾಜಿಸಿತು.

ಇದಕ್ಕೆ ಎದುರಾಗಿ ನಿಲ್ಲುವುದು ಇಂಗಾಲದ ಡೈಆಕ್ಸೈಡ್. 1958ರಲ್ಲಿ ಹತ್ತು ಲಕ್ಷ ಭಾಗ ಗಾಳಿಯಲ್ಲಿ 315 ಭಾಗದಷ್ಟಿದ್ದ ಈ ಅನಿಲ ಇಂದು 420ನ್ನು ದಾಟಿದೆ. ಗೋಧಿ, ಬಾರ್ಲಿ, ಬೀಟ್‌ರೂಟ್ ಜಾತಿಯ ಸಕ್ಕರೆಗಡ್ಡೆಗಳಿಗೆ ಇದು ಒಂದು ಬಗೆಯ ಗೊಬ್ಬರ; ಪತ್ರರಂಧ್ರಗಳು ಅರೆಮುಚ್ಚಿರುವುದರಿಂದ ನೀರೂ ಉಳಿಯುತ್ತದೆ. ಆದರೆ ಎಷ್ಟರಮಟ್ಟಿಗೆ? ಮುಚ್ಚಿದ ಗಾಜಿನ ಮನೆಗಳಲ್ಲಿ ನಡೆದ ಹಳೆಯ ಪ್ರಯೋಗಗಳು ದೊಡ್ಡ ಲಾಭ ತೋರಿಸಿದ್ದವು. ಜರ್ಮನಿಯ ಬ್ರೌನ್‌ಷ್ವೈಗ್‌ನಂಥ ಕಡೆ ಬಯಲಿನಲ್ಲೇ ಕೊಳವೆಗಳ ಬಳೆ ಕಟ್ಟಿ, ತೆರೆದ ಗಾಳಿಗೆ ಅನಿಲ ಬಿಟ್ಟು ಬೆಳೆಸಿದಾಗ ಆ ಲಾಭ ಅಷ್ಟು ದೊಡ್ಡದಾಗಿ ಉಳಿಯಲಿಲ್ಲ. ಇಳುವರಿ ಏರಿದಲ್ಲಿ ಕಾಳಿನ ಪ್ರೋಟೀನ್ ಅಂಶ ಇಳಿದದ್ದೂ ಕಂಡಿತು. ಬ್ರೆಡ್ ಉಬ್ಬಿ ಬರುವುದು ಆ ಪ್ರೋಟೀನಿನಿಂದಲೇ. ಮೆಕ್ಕೆಜೋಳದ ದ್ಯುತಿಸಂಶ್ಲೇಷಣೆ ಬೇರೆ ಬಗೆಯದಾದ್ದರಿಂದ ನೀರಿನ ಕೊರತೆಯಿಲ್ಲದಾಗ ಅದಕ್ಕೆ ಈ ಅನಿಲದ ನೆರವು ಹೆಚ್ಚೇನೂ ಇಲ್ಲ. ಅದು ಬೆಳೆಯುವುದೂ ನಡುಬೇಸಿಗೆಯಲ್ಲಿ. ಬಿಸಿ, ಬರ ಎರಡೂ ಅದರ ಮೇಲೆ ನೇರವಾಗಿ ಬೀಳುತ್ತವೆ.

ಈ ಎಲ್ಲವನ್ನೂ ಕೂಡಿ ಕಳೆದು ಜಂಟಿ ಸಂಶೋಧನಾ ಕೇಂದ್ರ 2020ರಲ್ಲಿ ಪ್ರಕಟಿಸಿದ ಅಧ್ಯಯನ, ಈ ಶತಮಾನದ ಮಧ್ಯಭಾಗದ ಹೊತ್ತಿಗೆ ಒಕ್ಕೂಟದ ಮೆಕ್ಕೆಜೋಳದ ಇಳುವರಿ ಶೇ. 1ರಿಂದ 22ರವರೆಗೆ ಇಳಿಯಬಹುದು ಎನ್ನುತ್ತದೆ. ದಕ್ಷಿಣ ಯುರೋಪಿನಲ್ಲಿ ಗೋಧಿ ಇಳುವರಿ ಶೇ. 49ರವರೆಗೂ ಕುಸಿಯಬಹುದು. ಉತ್ತರದಲ್ಲಿ ಹಾನಿಯ ಒಂದಷ್ಟು ಭಾಗವನ್ನು ಇಂಗಾಲದ ಡೈಆಕ್ಸೈಡ್ ಮತ್ತು ಬದಲಾಗುವ ಮಳೆ ತುಂಬಿಕೊಡಬಹುದು. ಈ ಅಂಕಿಗಳನ್ನು ಓದುವಾಗ 1ಕ್ಕೂ 22ಕ್ಕೂ ನಡುವಿನ ದೂರವನ್ನು ಗಮನಿಸಬೇಕು. ಯಾವ ಹವಾಮಾನ ಮಾದರಿಯನ್ನು ನೆಚ್ಚಿದರು, ನೀರಾವರಿಗೆ ನೀರು ಸಿಗುತ್ತದೆಂದು ಎಣಿಸಿದರೇ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಆ ನೀರೇ ದಕ್ಷಿಣದ ಹಲವು ಕಡೆ ಮೊದಲು ಬತ್ತುವುದು.

ಉತ್ತರಕ್ಕೆ ಲಾಭ, ದಕ್ಷಿಣಕ್ಕೆ ನಷ್ಟ ಎಂದು ಇದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುವ ರೂಢಿಯಿದೆ. ದಕ್ಷಿಣ ಇಂಗ್ಲೆಂಡಿನ ಕೆಂಟ್, ಸಸೆಕ್ಸ್‌ಗಳಲ್ಲಿ ದ್ರಾಕ್ಷಿತೋಟಗಳು ಹಬ್ಬಿರುವುದು, ಶಾಂಪೇನಿನ ತೈತಾಂಜೇ ಸಂಸ್ಥೆ 2015ರಲ್ಲಿ ಕೆಂಟ್‌ನಲ್ಲಿ ಜಮೀನು ಕೊಂಡದ್ದು ಆ ಮಾತಿಗೆ ಪುಷ್ಟಿ ಕೊಡುತ್ತವೆ. ಆದರೆ 2018ರಲ್ಲಿ ಸ್ವೀಡನ್, ಡೆನ್ಮಾರ್ಕ್, ಉತ್ತರ ಜರ್ಮನಿಗಳೇ ಬರಕ್ಕೆ ಸಿಕ್ಕಿದವು. ಮೇವಿಲ್ಲದೆ ಸ್ವೀಡನ್ನಿನ ರೈತರು ದನಗಳನ್ನು ಕಾಲಕ್ಕೆ ಮೊದಲೇ ಕಸಾಯಿಖಾನೆಗೆ ಕಳಿಸಬೇಕಾಯಿತು. ಸರಾಸರಿಯಲ್ಲಿ ಲಾಭ ಕಾಣುವ ನಾಡಿನಲ್ಲೂ ಒಂದು ವರ್ಷದ ಪೆಟ್ಟು ಒಂದು ಮನೆತನದ ಬೇಸಾಯವನ್ನೇ ನಿಲ್ಲಿಸಬಲ್ಲದು.

ಮೂರನೆಯ ಭಾಗಕ್ಕೆ ಈ ಮಾತೇ ಸೇತುವೆ. ಮಾದರಿಗಳು ಎಲ್ಲಿ ಎಡವುತ್ತವೆ? ಮೂರು ವರ್ಷಗಳ ಕಥೆ ಇದಕ್ಕೆ ಉತ್ತರ ಕೊಡುತ್ತದೆ.

2003ರ ಬೇಸಿಗೆಯಲ್ಲಿ ಇಟಲಿಯ ಪೋ ನದಿ ಬಯಲಿನ ಮೆಕ್ಕೆಜೋಳದ ಇಳುವರಿ ಶೇ. 36ರಷ್ಟು ಕುಸಿಯಿತು. ಫ್ರಾನ್ಸಿನಲ್ಲಿ ಅದೇ ಬೆಳೆ ಶೇ. 30ರಷ್ಟು ಇಳಿಯಿತು. ಬಿಸಿ ಮತ್ತು ಬರ ಕೈಜೋಡಿಸಿದರೆ ಏನಾಗುತ್ತದೆಂದು ಯುರೋಪ್ ಅಂದು ಕಣ್ಣಾರೆ ಕಂಡಿತು. ಅಂದಿನಿಂದ ಸಂಶೋಧಕರು ಈ ಜೋಡಿಯನ್ನು ಹಿಡಿಯಲು ಮಾದರಿಗಳನ್ನು ತಿದ್ದಿದರು. 2022ರಲ್ಲಿ ಪೋ ನದಿ ಮತ್ತೆ ಬತ್ತಿದಾಗ ಮಾರ್ಸ್ ವರದಿಗಳು ಕೊಯ್ಲಿಗೆ ಮೊದಲೇ ಅಂದಾಜನ್ನು ಇಳಿಸುತ್ತ ಬಂದವು. ಆಗಸ್ಟ್ ವರದಿಯಲ್ಲಿ ಮೆಕ್ಕೆಜೋಳ ಐದು ವರ್ಷಗಳ ಸರಾಸರಿಗಿಂತ ಶೇ. 16, ಸೋಯಾ ಶೇ. 15, ಸೂರ್ಯಕಾಂತಿ ಶೇ. 12ರಷ್ಟು ಕೆಳಗಿದ್ದವು. ಬರವನ್ನು ಲೆಕ್ಕ ಹಿಡಿಯಬಲ್ಲದು.

2016ರಲ್ಲಿ ಆದದ್ದು ಬೇರೆ. ಫ್ರಾನ್ಸಿನ ಗೋಧಿಗೆ ಅರ್ಧ ಶತಮಾನದಲ್ಲೇ ಕಾಣದ ಇಳುವರಿ ನಷ್ಟ ಒದಗಿತು. ಹಿಂದಿನ ವರ್ಷಗಳಿಗೆ ಹೋಲಿಸಿದರೆ ಕಾಲುಭಾಗಕ್ಕೂ ಹೆಚ್ಚು ಹೋಯಿತು. ಯುರೋಪಿನ ಕಣಜವೆನಿಸಿಕೊಂಡ ಪ್ಯಾರಿಸ್ಸಿನ ಸುತ್ತಲಿನ ಬಯಲುಗಳು ಎಲ್ಲಕ್ಕಿಂತ ಹೆಚ್ಚು ಸೋತವು. ಹೆಚ್ಚು ಚಿಂತೆಗೆ ಹಚ್ಚುವ ಸಂಗತಿಯೆಂದರೆ, ಮುನ್ಸೂಚನೆ ವ್ಯವಸ್ಥೆಗಳಿಗೆ ಇದರ ಸುಳಿವೇ ಸಿಗಲಿಲ್ಲ. ಬರವಿರಲಿಲ್ಲ, ಬೇಸಿಗೆಯ ಕಡು ಬಿಸಿಯೂ ಕಾರಣವಾಗಿರಲಿಲ್ಲ. 2015ರ ಕೊನೆಯ ತಿಂಗಳುಗಳು ವಿಪರೀತ ಬೆಚ್ಚಗಿದ್ದವು. ಆಮೇಲೆ ವಸಂತದಲ್ಲಿ ಮಳೆ ಬಿಡದೆ ಸುರಿಯಿತು. ಸೆನ್ ನದಿ ಉಕ್ಕಿ, ಜೂನ್ ಮೊದಲ ವಾರ ಲೂವ್ರ್ ವಸ್ತುಸಂಗ್ರಹಾಲಯವನ್ನು ಮುಚ್ಚಿ ಕಲಾಕೃತಿಗಳನ್ನು ಮೇಲಕ್ಕೆ ಸಾಗಿಸಬೇಕಾಯಿತು. ಹೊಲದಲ್ಲಿ ನೀರು ನಿಂತು ಬೇರು ಉಸಿರುಗಟ್ಟಿತು, ಸಾರಜನಕ ತೊಳೆದುಹೋಯಿತು, ಮೋಡದಿಂದ ಬಿಸಿಲು ಕುಗ್ಗಿತು, ತೆನೆಗೆ ಶಿಲೀಂಧ್ರ ಹತ್ತಿತು.

ತಮಾರಾ ಬೆನ್-ಆರಿ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಗಂಟು ಬಿಡಿಸಿತು. ಬೆಚ್ಚನೆಯ ಶರತ್ತಿನ ಕೊನೆ, ನೆನೆದ ವಸಂತ, ಇವು ಬಿಡಿಬಿಡಿಯಾಗಿ ತಂದ ಪೆಟ್ಟಿಗಿಂತ ಜೊತೆಗೂಡಿ ತಂದ ಪೆಟ್ಟು ದೊಡ್ಡದು. ಬಹುಪಾಲು ಮಾದರಿಗಳು ನೀರಿನ ಕೊರತೆಯನ್ನು ಎಚ್ಚರದಿಂದ ಅಳೆಯುತ್ತಿದ್ದವು. ಅತಿಯಾದ ನೀರು, ರೋಗ, ಕೀಟಗಳ ಕಡೆ ಅವುಗಳ ನೋಟ ಮಬ್ಬಾಗಿತ್ತು.

2021ರದು ಇನ್ನೊಂದು ಪಾಠ. ಮಾರ್ಚ್ ಕೊನೆಯ ದಿನಗಳ ಸೆಕೆಗೆ ಫ್ರಾನ್ಸಿನ ದ್ರಾಕ್ಷಿ ಮತ್ತು ಹಣ್ಣಿನ ಗಿಡಗಳು ಬೇಗ ಚಿಗುರಿದವು. ಏಪ್ರಿಲ್ ಮೊದಲ ವಾರದ ರಾತ್ರಿಗಳಲ್ಲಿ ಶೂನ್ಯಕ್ಕಿಂತ ಕೆಳಗಿಳಿದ ಚಳಿ ಆ ಎಳೆಯ ಚಿಗುರನ್ನು ಸುಟ್ಟಿತು. ರೈತರು ಸಾಲುಸಾಲಿನಲ್ಲಿ ಮೇಣದ ದೊಂದಿ ಹಚ್ಚಿ ತೋಟ ಕಾದರು. ಆ ವರ್ಷ ಫ್ರಾನ್ಸಿನ ವೈನ್ ಉತ್ಪಾದನೆ ಹಿಂದಿನ ವರ್ಷಕ್ಕಿಂತ ಸುಮಾರು ಐದನೇ ಒಂದು ಭಾಗ ಕಡಿಮೆಯಾಯಿತು. ಭೂಮಿ ಬಿಸಿಯಾಗುತ್ತಿರುವಾಗ ಚಳಿಯಿಂದ ಹಾನಿ ಹೆಚ್ಚುವುದೆಂತು? ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಎಂಬ ಸಂಶೋಧಕರ ತಂಡದ ಲೆಕ್ಕ ಇದಕ್ಕೆ ಉತ್ತರ ಕೊಟ್ಟಿತು. ಏಪ್ರಿಲ್ ರಾತ್ರಿಗಳ ಚಳಿ ನಿಜಕ್ಕೂ ಮೃದುವಾಗುತ್ತಿದೆ, ಆದರೆ ಚಿಗುರು ಅದಕ್ಕಿಂತ ವೇಗವಾಗಿ ಮುಂದಕ್ಕೆ ಬಂದಿದೆ. ಹಾಗಾಗಿ ಬೆಳವಣಿಗೆಯ ಕಾಲದಲ್ಲಿ ಅಂಥ ಚಳಿ ಬೀಳುವ ಸಂಭವ ಶೇ. 60ರಷ್ಟು ಹೆಚ್ಚಿದೆ. ಹವೆಯ ಲೆಕ್ಕವನ್ನೂ ಗಿಡದ ಲೆಕ್ಕವನ್ನೂ ಬೇರೆಬೇರೆಯಾಗಿ ಓದಿದ್ದರೆ ಈ ಅಪಾಯ ಕಾಣುತ್ತಲೇ ಇರಲಿಲ್ಲ.

ಮಾದರಿಗಳನ್ನು ನಂಬಬಾರದು ಎಂಬುದು ಈ ಉದಾಹರಣೆಗಳ ತಾತ್ಪರ್ಯವಲ್ಲ. ಸಂಶೋಧಕರು ತಮ್ಮ ಮಿತಿಯನ್ನು ತಾವೇ ಅಳೆಯುತ್ತಿರುವುದು ಈ ಕ್ಷೇತ್ರದ ಹೆಚ್ಚುಗಾರಿಕೆ. 2010ರಲ್ಲಿ ಆರಂಭವಾದ ಆಗ್‌ಮಿಪ್ ಎಂಬ ಅಂತರರಾಷ್ಟ್ರೀಯ ಕೂಟ, ಬೇರೆಬೇರೆ ದೇಶಗಳ ಮಾದರಿಗಳನ್ನು ಒಂದೇ ಹೊಲ, ಒಂದೇ ಹವೆ ಕೊಟ್ಟು ಓಡಿಸುತ್ತದೆ. 2013ರಲ್ಲಿ 27 ಗೋಧಿ ಮಾದರಿಗಳ ಇಂಥ ಪರೀಕ್ಷೆಯ ಫಲ ಹೊರಬಂತು. ನೆದರ್‌ಲ್ಯಾಂಡ್ಸ್, ಅರ್ಜೆಂಟೀನ, ಆಸ್ಟ್ರೇಲಿಯಗಳ ಜೊತೆ ನಮ್ಮ ದಿಲ್ಲಿಯ ಹೊಲವೂ ಅದರಲ್ಲಿತ್ತು. ಮುನ್ನೋಟದ ಅನಿಶ್ಚಿತತೆಯಲ್ಲಿ ಹವಾಮಾನ ಮಾದರಿಗಳ ಭಿನ್ನಮತಕ್ಕಿಂತ ಬೆಳೆ ಮಾದರಿಗಳ ಭಿನ್ನಮತದ ಪಾಲೇ ದೊಡ್ಡದೆಂದು ಅದು ತೋರಿಸಿತು. ಹಲವು ಮಾದರಿಗಳ ಮಧ್ಯಮ ಬೆಲೆಯನ್ನು ಹಿಡಿದರೆ ಯಾವುದೇ ಒಂಟಿ ಮಾದರಿಗಿಂತ ಅದು ಸಾಮಾನ್ಯವಾಗಿ ಹೊಲದ ನಿಜಕ್ಕೆ ಹತ್ತಿರವಿರುತ್ತದೆ ಎಂಬುದೂ ಇಂಥ ಪರೀಕ್ಷೆಗಳಿಂದಲೇ ತಿಳಿಯಿತು. ಈ ಪರೀಕ್ಷೆಗಳಿಗೆಲ್ಲ ಆಧಾರ ದೀರ್ಘಕಾಲದ ಹೊಲದ ದಾಖಲೆ. ರೊಥ್ಯಾಮ್‌ಸ್ಟೆಡ್‌ನ ಬ್ರಾಡ್‌ಬಾಕ್ ಹೊಲದಲ್ಲಿ 1843ರಲ್ಲಿ ಶುರುವಾದ ಗೋಧಿ ಪ್ರಯೋಗ ಇಂದಿಗೂ ನಡೆಯುತ್ತಿದೆ. ಅದನ್ನು ಆರಂಭಿಸಿದವರಿಗೆ ಹವಾಮಾನ ಬದಲಾವಣೆಯ ಕಲ್ಪನೆಯೂ ಇರಲಿಲ್ಲ.

ಕೊನೆಯ ಭಾಗ: ಈ ಲೆಕ್ಕ ರೈತನಿಗೆ, ಸರ್ಕಾರಕ್ಕೆ ಹೇಗೆ ತಲುಪುತ್ತದೆ?

ಬೆಳೆ ಮಾದರಿಗೆ ರೈತನ ಜಾಣ್ಮೆಯನ್ನು ಎಣಿಸುವುದು ಕಷ್ಟ. ಹವೆ ಬದಲಾದಂತೆ ಅವನು ಬಿತ್ತನೆಯ ದಿನ ಬದಲಿಸುತ್ತಾನೆ, ತಳಿ ಬದಲಿಸುತ್ತಾನೆ, ಬೆಳೆಯನ್ನೇ ಬದಲಿಸುತ್ತಾನೆ. ಅರ್ಥಶಾಸ್ತ್ರಜ್ಞರು ಇದಕ್ಕೆ ಬೇರೊಂದು ದಾರಿ ಹಿಡಿದರು. ಬಿಸಿ ನಾಡಿನ ಜಮೀನಿನ ಬೆಲೆಯನ್ನು ತಂಪು ನಾಡಿನ ಜಮೀನಿನ ಬೆಲೆಗೆ ಹೋಲಿಸಿದರೆ, ರೈತರು ಈಗಾಗಲೇ ಮಾಡಿಕೊಂಡಿರುವ ಹೊಂದಾಣಿಕೆಯೂ ಆ ಬೆಲೆಯಲ್ಲೇ ಅಡಗಿರುತ್ತದೆ ಎಂಬುದು ಅವರ ತರ್ಕ. ರಾಬರ್ಟ್ ಮೆಂಡೆಲ್‌ಸನ್ ಮತ್ತು ಸಂಗಡಿಗರು 1994ರಲ್ಲಿ ಅಮೆರಿಕದ ಜಮೀನುಗಳಿಗೆ ಹಾಕಿದ ಈ ಲೆಕ್ಕವನ್ನು 2017ರಲ್ಲಿ ಪಶ್ಚಿಮ ಯುರೋಪಿನ 41,000ಕ್ಕೂ ಹೆಚ್ಚು ಹಿಡುವಳಿಗಳಿಗೆ ಅನ್ವಯಿಸಲಾಯಿತು. ಒಂದು ಡಿಗ್ರಿ ಏರಿಕೆಗೆ ದಕ್ಷಿಣ ಯುರೋಪಿನ ಜಮೀನಿನ ಮೌಲ್ಯ ಶೇ. 5ರಿಂದ 9ರಷ್ಟು ಇಳಿಯಬಹುದೆಂಬ ಉತ್ತರ ಬಂತು. ದಾರಿ ಬೇರೆಯಾದರೂ ಭಾರ ಬೀಳುವ ದಿಕ್ಕು ಅದೇ.

ಆದರೆ ಹೊಂದಾಣಿಕೆಗೆ ಬೇಕಾಗುವ ಕಾಲ ಎಲ್ಲ ಬೆಳೆಗೂ ಒಂದೇ ಅಲ್ಲ. ಗೋಧಿ ಬೆಳೆಯುವವನು ಮುಂದಿನ ವರ್ಷವೇ ತಳಿ ಬದಲಿಸಬಲ್ಲ. ದ್ರಾಕ್ಷಿಬಳ್ಳಿ ನೆಟ್ಟವನು ಹಲವು ದಶಕ ಅದಕ್ಕೆ ಕಟ್ಟುಬೀಳುತ್ತಾನೆ, ಆಲಿವ್ ನೆಟ್ಟವನು ಮೊಮ್ಮಕ್ಕಳ ಕಾಲಕ್ಕೂ ನಿರ್ಧಾರ ಮಾಡಿಟ್ಟಂತೆ. 2021ರಲ್ಲಿ ಬೋರ್ಡೊ ವೈನಿಗೆ ಆರು ಹೊಸ ದ್ರಾಕ್ಷಿ ತಳಿಗಳನ್ನು ಬಳಸಲು ಅನುಮತಿ ಸಿಕ್ಕಿತು. ಪೋರ್ಚುಗಲ್ಲಿನ ಟೊರೀಗ ನಸಿಯೊನಾಲ್, ಅಲ್ವರಿನ್ಯೊ ಅವುಗಳಲ್ಲಿ ಸೇರಿವೆ. ತಳಿಯ ಶುದ್ಧಿಯನ್ನು ಮನೆತನದ ಮಾನದಂತೆ ಕಾದುಕೊಂಡು ಬಂದ ಪ್ರದೇಶ ಹೀಗೆ ಬಾಗಿಲು ತೆರೆದದ್ದು ಸಣ್ಣ ಸಂಗತಿಯಲ್ಲ.

ಆಲಿವ್‌ನ ಕಥೆ ಇನ್ನೂ ಕಠಿಣ. ಜಗತ್ತಿನಲ್ಲೇ ಅತಿ ಹೆಚ್ಚು ಆಲಿವ್ ಎಣ್ಣೆ ತೆಗೆಯುವ ಸ್ಪೇನಿನಲ್ಲಿ 2021-22ರ ಹಂಗಾಮಿಗೆ ಸುಮಾರು 14.9 ಲಕ್ಷ ಟನ್ ಎಣ್ಣೆ ಬಂದಿತ್ತು. ಹೂಬಿಡುವ ಕಾಲದ ಬಿಸಿ ಮತ್ತು ಬಿಡದ ಬರದಿಂದ ಮರುವರ್ಷ ಅದು 6.7 ಲಕ್ಷ ಟನ್ನಿನ ಸುಮಾರಿಗೆ ಇಳಿಯಿತು. ಅಂಗಡಿಗಳಲ್ಲಿ ಎಣ್ಣೆಯ ಬೆಲೆ ದುಪ್ಪಟ್ಟಿನತ್ತ ಏರಿತು. ಆಂಡಲೂಸಿಯದ ಹಾಯೆನ್ ಪ್ರಾಂತ್ಯದಲ್ಲಿ ಕಣ್ಣು ಹಾಯುವಷ್ಟೂ ಆಲಿವ್ ತೋಪುಗಳೇ ಇವೆ. ಕಾಯಿ ಕೀಳುವ ಕೂಲಿಯನ್ನೇ ನಂಬಿದ ಊರುಗಳಿಗೆ ಬೆಲೆಯೇರಿಕೆಯಿಂದ ಸಮಾಧಾನ ಸಿಗುವುದಿಲ್ಲ. ಇಟಲಿಯ ಅಪುಲಿಯದಲ್ಲಿ 2013ರಲ್ಲಿ ಪತ್ತೆಯಾದ ಕ್ಸೈಲೆಲ್ಲ ಬ್ಯಾಕ್ಟೀರಿಯ ಲಕ್ಷಾಂತರ ಆಲಿವ್ ಮರಗಳನ್ನು ಒಣಗಿಸಿದೆ. ಇಂಥ ರೋಗದ ಹರಡುವಿಕೆಯನ್ನು ಬೆಳೆ ಮಾದರಿಯೊಂದಿಗೆ ಹೊಸೆಯುವ ಕೆಲಸ ಇನ್ನೂ ಎಳೆಯ ಹಂತದಲ್ಲಿದೆ.

ಸರ್ಕಾರಗಳಿಗೆ ಈ ಲೆಕ್ಕ ನೇರವಾಗಿ ಹಣದ ಪ್ರಶ್ನೆ. 2021ರ ಚಳಿಯ ಹಾನಿಯ ನಂತರ ಫ್ರಾನ್ಸ್ ಬೆಳೆ ವಿಮೆಯ ಕಾನೂನು ಬದಲಿಸಿತು. 2023ರ ಜನವರಿಯಿಂದ ಜಾರಿಗೆ ಬಂದ ವ್ಯವಸ್ಥೆಯಲ್ಲಿ ಸಣ್ಣ ನಷ್ಟ ರೈತನದು, ನಡುವಿನದು ವಿಮಾ ಕಂಪನಿಯದು, ಮಹಾನಷ್ಟಕ್ಕೆ ಸರ್ಕಾರ ಹೊಣೆ. ಈ ಮೂರರ ನಡುವಿನ ಗೆರೆಗಳನ್ನು ಎಲ್ಲಿ ಎಳೆಯಬೇಕು? ಅಪರೂಪದ ವರ್ಷಗಳು ಎಷ್ಟು ಅಪರೂಪ ಎಂಬುದು ಗೊತ್ತಿದ್ದರೆ ಮಾತ್ರ ಅದನ್ನು ನ್ಯಾಯವಾಗಿ ತೀರ್ಮಾನಿಸಬಹುದು. ಸರಾಸರಿ ಇಳುವರಿಯ ಅಂಕಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. 2003, 2016, 2021ರಂಥ ವರ್ಷಗಳು ಎಷ್ಟು ಸಲ ಮರಳಬಹುದು ಎಂಬ ಲೆಕ್ಕವೇ ಬೇಕು.

ಆದ್ದರಿಂದ ಈ ಉಪನ್ಯಾಸ ಮೂರು ಒತ್ತಾಯಗಳೊಂದಿಗೆ ಮುಗಿಯುತ್ತದೆ. ಒಂದು, ಮುನ್ನೋಟ ಪ್ರಕಟಿಸುವ ಸಂಸ್ಥೆಗಳು ಒಂದೇ ಅಂಕಿ ಕೊಡದೆ ಮಾದರಿಗಳ ಪೂರ್ತಿ ಹರವನ್ನೂ, ಲೆಕ್ಕದಿಂದ ಹೊರಗುಳಿದ ರೋಗ, ಅತಿವೃಷ್ಟಿ, ಮಂಜುಚಳಿಗಳ ಪಟ್ಟಿಯನ್ನೂ ಮೊದಲ ಪುಟದಲ್ಲೇ ಹೇಳಬೇಕು. ಎರಡು, ಮುನ್ಸೂಚನೆ ತಪ್ಪಿದ ವರ್ಷಗಳ ಅಧ್ಯಯನಕ್ಕೆ, ಫ್ರಾನ್ಸಿನಲ್ಲಿ 2016ರ ಬಗ್ಗೆ ನಡೆದಂತೆ, ಹಣವೂ ಮನ್ನಣೆಯೂ ಸಿಗಬೇಕು. ಮೂರು, ಬೋನ್ ಪಟ್ಟಣದ ಕೊಯ್ಲಿನ ತಾರೀಖಿನಂಥ, ಬ್ರಾಡ್‌ಬಾಕ್ ಹೊಲದಂಥ ದೀರ್ಘ ದಾಖಲೆಗಳನ್ನು ಯಾವ ಸರ್ಕಾರದ ಖರ್ಚು ಕಡಿತಕ್ಕೂ ಬಲಿಕೊಡಬಾರದು. ಇಂದು ಹಾಯೆನ್‌ನಲ್ಲಿ ನೆಡುವ ಆಲಿವ್ ಸಸಿ 2080ರಲ್ಲೂ ಕಾಯಿ ಬಿಡಬೇಕು. ಅದನ್ನು ನೆಡಬೇಕೋ ಬೇಡವೋ ಎಂದು ಯೋಚಿಸುತ್ತಿರುವ ರೈತನಿಗೆ ಈ ಮೂರೂ ಇಂದೇ ಬೇಕಾಗಿವೆ.